ವಿಮಾನದ ಹತ್ತಿರವೇ ಇದ್ದಿದ್ದರೆ?

'ದಿ ಗ್ರೇ' ನೋಡಿದವರ ಹತ್ತಿರ ಆ ಸಿನಿಮಾದ ವಿಷಯ ತೆಗೆದರೆ ಸ್ವಲ್ಪ ಹೊತ್ತಿನಲ್ಲೇ ಒಂದು ಮಾತು ಬಂದೇ ಬರುತ್ತದೆ. "ಅವರು ವಿಮಾನದ ಹತ್ರಾನೇ ಇರಬೇಕಿತ್ತು, ಅಲ್ವಾ?" ಸಿಟ್ಟಿನಿಂದ ಹೇಳುವವರಿದ್ದಾರೆ, ತಜ್ಞರ ಹಾಗೆ ಗತ್ತಿನಿಂದ ಹೇಳುವವರೂ ಇದ್ದಾರೆ. ಸಿನಿಮಾ ಬಂದಿದ್ದು 2012ರ ಜನವರಿಯಲ್ಲಿ. ಈಗ ಮೊದಲ ಸಲ ನೋಡಿದವರೂ ಅದನ್ನೇ ಹೇಳುತ್ತಾರೆ. ಕಥೆ ಚೆನ್ನಾಗಿತ್ತಾ, ನಟನೆ ಹೇಗಿತ್ತು ಅನ್ನುವುದೆಲ್ಲ ಆಮೇಲೆ. ಮೊದಲು ಸತ್ತವರ ತಪ್ಪುಗಳ ಪಟ್ಟಿ ಆಗಬೇಕು. ಯಾಕೆ ಹೀಗೆ ಅಂತ ನಾನು ಬಹಳ ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ. (ಮುಂದೆ ಕಥೆಯನ್ನೆಲ್ಲ ಹೇಳಿಬಿಡುತ್ತೇನೆ. ನೋಡದವರು ಇಲ್ಲೇ ಇಳಿದುಕೊಳ್ಳಬಹುದು.)

ಕಥೆ ಎರಡು ಸಾಲಿನದು. ಅಲಾಸ್ಕಾದ ತೈಲ ಕಂಪನಿಯ ಕೆಲಸಗಾರರನ್ನು ಹೊತ್ತ ವಿಮಾನ ಹಿಮದಲ್ಲಿ ಬೀಳುತ್ತದೆ. ಉಳಿದ ಕೆಲವರ ಬೆನ್ನಿಗೆ ತೋಳಗಳ ಗುಂಪು ಬೀಳುತ್ತದೆ. ಕೆಲಸಗಾರರಿಗೆ ತೊಂದರೆ ಕೊಡುವ ತೋಳಗಳನ್ನು ಹೊಡೆಯುವುದೇ ಕೆಲಸವಾಗಿದ್ದ ಆಟ್‌ವೇ ಅನ್ನುವವನು ಎಲ್ಲರನ್ನೂ ಕಾಡಿನ ಕಡೆಗೆ ನಡೆಸುತ್ತಾನೆ. ಒಬ್ಬೊಬ್ಬರೇ ಸಾಯುತ್ತಾರೆ. ಒಬ್ಬ ರಾತ್ರಿ ಕಾವಲಿಗೆ ನಿಂತಾಗ, ಒಬ್ಬ ಹಿಮದಲ್ಲಿ ಹಿಂದೆ ಬಿದ್ದಾಗ, ಒಬ್ಬ ಬೆಂಕಿಯ ಪಕ್ಕ ಮಲಗಿದಲ್ಲೇ, ಒಬ್ಬ ಕಮರಿ ದಾಟುವಾಗ. ಒಬ್ಬ "ಇನ್ನು ನನ್ನ ಕೈಲಾಗಲ್ಲ" ಅಂತ ನದಿ ದಂಡೆಯಲ್ಲಿ ಕೂತುಬಿಡುತ್ತಾನೆ. ಕೊನೆಯವನು ನೀರಿಗೆ ಬೀಳುತ್ತಾನೆ, ಕಾಲು ಸಿಕ್ಕಿಕೊಳ್ಳುತ್ತದೆ, ಗಾಳಿ ಇರುವುದು ಒಂದು ಗೇಣು ಮೇಲೆ. ಆಟ್‌ವೇ ಎಷ್ಟು ಎಳೆದರೂ ಬರುವುದಿಲ್ಲ.

ಈಗ ಆ ತಕರಾರಿಗೆ ಬರೋಣ. ವಿಮಾನ ಬಿದ್ದರೆ ಅದರ ಹತ್ತಿರವೇ ಇರಿ ಅನ್ನುವುದು ನಿಜಕ್ಕೂ ಕೊಡುವ ಸಲಹೆ. ಮೇಲಿನಿಂದ ಹುಡುಕುವವರಿಗೆ ಒಬ್ಬ ಮನುಷ್ಯನಿಗಿಂತ ವಿಮಾನದ ಅವಶೇಷ ಬೇಗ ಕಾಣುತ್ತದೆ. ಆದರೆ ಅದನ್ನೇ ಮಾಡಿದವರ ಕಥೆಯೂ ಇದೆ. 1972ರ ಅಕ್ಟೋಬರ್ 13ರಂದು ಉರುಗ್ವೆಯ ರಗ್ಬಿ ಆಟಗಾರರಿದ್ದ ವಿಮಾನ ಆಂಡಿಸ್ ಪರ್ವತದಲ್ಲಿ ಬಿತ್ತು. ಉಳಿದವರು ವಿಮಾನದ ತುಂಡಿನೊಳಗೇ ಇದ್ದರು. ಬಿಳಿ ಹಿಮದ ಮೇಲೆ ಬಿಳಿ ವಿಮಾನ, ಯಾರಿಗೂ ಕಾಣಲಿಲ್ಲ. ಹುಡುಕಾಟ ನಿಲ್ಲಿಸಿದ್ದಾರೆ ಅನ್ನುವ ಸುದ್ದಿಯನ್ನು ಅವರು ಅಲ್ಲೇ ಕೂತು ರೇಡಿಯೊದಲ್ಲಿ ಕೇಳಿದರು. ಅದೇ ತುಂಡಿನ ಮೇಲೆ ಹಿಮ ಕುಸಿದು ಮತ್ತೆ 8 ಜನ ಸತ್ತರು. ಕೊನೆಗೆ ಇಬ್ಬರು ಎದ್ದು ಬೆಟ್ಟ ಹತ್ತಿ ದಿನಗಟ್ಟಲೆ ನಡೆದರು. ಅದಕ್ಕೇ 72 ದಿನಗಳ ನಂತರ 16 ಜನ ಬದುಕಿ ಬಂದರು. ಆ ಇಬ್ಬರು ದಾರಿಯಲ್ಲಿ ಸತ್ತಿದ್ದರೆ ನಾವು ಏನನ್ನುತ್ತಿದ್ದೆವು? ವಿಮಾನದ ಹತ್ರಾನೇ ಇರಬೇಕಿತ್ತು ಅನ್ನುತ್ತಿದ್ದೆವು.

ಅಂದರೆ ಈ ತಕರಾರಿಗೆ ಬದುಕುಳಿಯುವ ವಿದ್ಯೆಯ ಜೊತೆ ಅಂಥ ಸಂಬಂಧವೇನೂ ಇಲ್ಲ. ಬೇರೆ ಏನೋ ಇದೆ.

ಟ್ರೈಲರ್ ಕೊಟ್ಟ ಮಾತು

ಅಮೆರಿಕದ ಪ್ರೇಕ್ಷಕರ ಸಿಟ್ಟಿಗೆ ಎಲ್ಲರೂ ಕೊಡುವ ಕಾರಣ ಟ್ರೈಲರ್. ಅದು ಸುಳ್ಳಲ್ಲ. 2008ರಲ್ಲಿ ಬಂದ 'ಟೇಕನ್' ಆದಮೇಲೆ, ಆಟ್‌ವೇ ಪಾತ್ರ ಮಾಡಿದ ಲಿಯಾಮ್ ನೀಸನ್ ಅಂದರೆ ಎದುರಾದವರನ್ನೆಲ್ಲ ಮಲಗಿಸುವ ಮನುಷ್ಯ ಅಂತಾಗಿತ್ತು. 'ದಿ ಗ್ರೇ' ಟ್ರೈಲರ್‌ನಲ್ಲಿ ಅವನು ಸಣ್ಣ ಬಾಟಲಿಗಳನ್ನು ಒಡೆದು, ಚೂಪಾದ ಗಾಜನ್ನು ಬೆರಳ ಗೆಣ್ಣುಗಳಿಗೆ ಟೇಪ್ ಸುತ್ತಿ ಕಟ್ಟಿಕೊಂಡು ತೋಳದ ಮೇಲೆ ನುಗ್ಗುತ್ತಾನೆ. ಜನ ಅದನ್ನು ನೋಡಲು ಬಂದರು. ಮೊದಲ ವಾರಾಂತ್ಯದಲ್ಲಿ ಸುಮಾರು 2 ಕೋಟಿ ಡಾಲರ್ ಬಂತು, ಗಳಿಕೆಯಲ್ಲಿ ಆ ವಾರದ ಮೊದಲ ಸ್ಥಾನ. ಬಂದವರಿಗೆ ಕೊನೆಯಲ್ಲಿ ಗೊತ್ತಾಗಿದ್ದು ಏನೆಂದರೆ, ಟ್ರೈಲರ್‌ನ ಕೊನೆಯ ಶಾಟ್ ಸಿನಿಮಾದ್ದೂ ಕೊನೆಯ ಶಾಟ್. ಅವನು ನುಗ್ಗುತ್ತಾನೆ, ಪರದೆ ಕಪ್ಪಾಗುತ್ತದೆ, ಹೆಸರುಗಳು ಬರುತ್ತವೆ.

ಅಲ್ಲಿ ಸಿನಿಮಾಸ್ಕೋರ್ ಅಂತ ಒಂದು ಕಂಪನಿ ಇದೆ. ಬಿಡುಗಡೆಯ ಮೊದಲ ರಾತ್ರಿ ಥಿಯೇಟರಿಗೆ ಬಂದವರ ಕೈಗೆ ಚೀಟಿ ಕೊಟ್ಟು ಅಂಕ ಕೇಳುತ್ತದೆ. ಇಷ್ಟಪಟ್ಟು ದುಡ್ಡು ಕೊಟ್ಟು ಬಂದವರು ಸಾಮಾನ್ಯವಾಗಿ ಉದಾರವಾಗಿಯೇ ಕೊಡುತ್ತಾರೆ. ಈ ಸಿನಿಮಾಕ್ಕೆ ಸಿಕ್ಕಿದ್ದು ಬಿ ಮೈನಸ್. ವಿಮರ್ಶಕರದು ಬೇರೆಯೇ ಕಥೆ. ರೋಜರ್ ಎಬರ್ಟ್ ಇದನ್ನು ನೋಡಿ ಅದೇ ದಿನ ಇನ್ನೊಂದು ಸಿನಿಮಾ ನೋಡಲು ಕೂತು, ಅರ್ಧ ಗಂಟೆಗೆ ಎದ್ದು ಬಂದರಂತೆ. ಹಿಂದೆ ನೋಡಿದ ಸಿನಿಮಾದಿಂದಾಗಿ ಮುಂದಿನದರಿಂದ ಎದ್ದು ಬಂದಿದ್ದು ಅದೇ ಮೊದಲು ಅಂತ ಅವರೇ ಬರೆದಿದ್ದಾರೆ. ನೋಡಿ, ಒಂದೇ ಹೊಟ್ಟೆಸಂಕಟ. ಎಬರ್ಟ್ ಅದನ್ನು ಮೆಚ್ಚುಗೆ ಅಂತ ಬರೆದರು. ಚೀಟಿ ಹಿಡಿದವರು ಅದನ್ನೇ ಅಂಕ ಕಳೆಯಲು ಬಳಸಿದರು.

ಟ್ರೈಲರ್ ಮೋಸ ಮಾಡಿತು, ಒಪ್ಪುತ್ತೇನೆ. ಆದರೆ ಅದು ಮೊದಲ ರಾತ್ರಿಯ ಸಿಟ್ಟಿಗೆ ಮಾತ್ರ ಸಾಕಾಗುವ ಕಾರಣ. ಟ್ರೈಲರ್ ನೋಡದೆ, ನೀಸನ್ ಯಾರು ಅಂತಲೂ ಗೊತ್ತಿಲ್ಲದೆ, ವರ್ಷಗಳ ಮೇಲೆ ಮನೆಯಲ್ಲಿ ಸುಮ್ನೆ ಕೂತು ನೋಡಿದವರಿಗೂ ಅದೇ ಕಿರಿಕಿರಿ ಯಾಕೆ?

ನಾನು ನೋಡಿದ್ದು ಹಾಗೆಯೇ. ಬೆಂಗಳೂರಿನಲ್ಲಿ ಗೆಳೆಯನ ಬಾಡಿಗೆ ಮನೆ, ಲ್ಯಾಪ್‌ಟಾಪಿಗೆ ಟಿವಿ ಜೋಡಿಸಿ, ನೆಲದ ಮೇಲೆ ಚಾಪೆ ಹಾಸಿಕೊಂಡು ನಾಲ್ಕೈದು ಜನ. ವಿಮಾನ ಬಿದ್ದ ಮೇಲೆ ಒಂದು ದೃಶ್ಯ ಬರುತ್ತದೆ. ಲೆವೆಂಡನ್ ಅನ್ನುವವನ ಹೊಟ್ಟೆಯಿಂದ ರಕ್ತ ಸುರಿಯುತ್ತಿದೆ. ಏನಾಗ್ತಿದೆ ನನಗೆ ಅಂತ ಗಾಬರಿಯಿಂದ ಕೇಳುತ್ತಾನೆ. ಸುತ್ತ ನಿಂತವರಿಗೆ ಏನು ಹೇಳಬೇಕೋ ತೋಚುವುದಿಲ್ಲ. ಆಟ್‌ವೇ ಮಾತ್ರ ಅವನ ಮುಖದ ಹತ್ತಿರ ಬಗ್ಗಿ, ನೀನು ಸಾಯುತ್ತಿದ್ದೀಯ ಅಂತ ಹೇಳುತ್ತಾನೆ. ಮೆಲ್ಲಗೆ ಹೇಳುತ್ತಾನೆ. ಬೆಚ್ಚಗಾಗುತ್ತದೆ, ಹೆದರಬೇಡ, ನಿನಗೆ ಇಷ್ಟವಾದವರನ್ನು ನೆನೆಸಿಕೊ, ಅವರು ಕರೆದುಕೊಂಡು ಹೋಗಲಿ ಅನ್ನುತ್ತಾನೆ. ಅವನು ಮಗಳನ್ನು ನೆನೆಸಿಕೊಂಡು ಹೋಗುತ್ತಾನೆ.

ಅಲ್ಲಿ ನಮ್ಮ ಮನೆಯ ಥಿಯೇಟರ್ ನಿಂತಿತು. "ಸಾಯ್ತಿರೋನಿಗೆ ನೀನು ಸಾಯ್ತಿದೀಯ ಅಂತ ಯಾರಾದ್ರೂ ಹೇಳ್ತಾರಾ?" ಅಂತ ಒಬ್ಬ ಪಾಸ್ ಒತ್ತಿದ. ಅವನಿಗೆ ನಿಜವಾಗಿ ಕೋಪ ಬಂದಿತ್ತು. ಇನ್ನೊಬ್ಬ, ಅಮೆರಿಕದಲ್ಲಿ ಹಾಗೇನೇ, ಡಾಕ್ಟ್ರು ನೇರ ಹೇಳಿಬಿಡ್ತಾರೆ ಅಂದ. ಮೊದಲನೆಯವನು ಬಿಡಲಿಲ್ಲ. ಏನೂ ಆಗಲ್ಲ, ಆರಾಮಾಗ್ತೀಯ ಅಂದಿದ್ದರೆ ಅವನು ಇನ್ನೂ ಸ್ವಲ್ಪ ಹೊತ್ತು ಇರ್ತಿದ್ದ ಅಂದ. ನಮ್ಮ ಮನೆಗಳಲ್ಲಿ ನಡೆಯುವುದೂ ಹಾಗೆಯೇ ತಾನೆ. ಡಾಕ್ಟರು ಮಗನನ್ನು ಆಚೆ ಕರೆದು ಹೇಳುತ್ತಾರೆ. ಮಗ ಒಳಗೆ ಬಂದು ನಗುತ್ತಾ, ಸೋಮವಾರ ಮನೆಗೆ ಕಳಿಸ್ತಾರಂತೆ ಅನ್ನುತ್ತಾನೆ. ಹಾಸಿಗೆಯಲ್ಲಿದ್ದವರಿಗೂ ಗೊತ್ತಿರುತ್ತದೆ. ಅವರೂ ನಗುತ್ತಾರೆ. ನನಗೆ ಆ ದೃಶ್ಯ ಇಡೀ ಸಿನಿಮಾದಲ್ಲೇ ಅತ್ಯಂತ ಕರುಣೆಯದು ಅನಿಸಿತ್ತು. ಅದೇ ಚಾಪೆಯ ಮೇಲೆ ಕೂತವನಿಗೆ ಕ್ರೂರ ಅನಿಸಿತು. ನಾವಿಬ್ಬರೂ ಈ ವಿಷಯದಲ್ಲಿ ಇವತ್ತಿಗೂ ರಾಜಿಯಾಗಿಲ್ಲ.

ಸಿನಿಮಾ ಮುಗಿದಾಗ "ಅಷ್ಟೇನಾ? ಫೈಟ್ ಎಲ್ಲಿ?" ಅಂತ ಎಲ್ಲರೂ ನಕ್ಕರು. ಆಮೇಲೆ ಅಡುಗೆಮನೆಯಲ್ಲಿ ಮ್ಯಾಗಿ ಬೇಯುವಾಗ ಶುರುವಾಯಿತು ನೋಡಿ. ಒಬ್ಬ ವಿಮಾನದ ಇಂಧನ ಹಿಡಿದಿಟ್ಟು ರಾತ್ರಿಯಿಡೀ ಬೆಂಕಿ ಉರಿಸುತ್ತಿದ್ದನಂತೆ. ಒಬ್ಬ ಸೀಟಿನ ಸ್ಪಂಜು ಕಿತ್ತು ಅಂಗಿಯೊಳಗೆ ತುಂಬಿಕೊಳ್ಳುತ್ತಿದ್ದನಂತೆ. ಇನ್ನೊಬ್ಬನಂತೂ ಮರದ ಮೇಲೇ ಸಂಸಾರ ಹೂಡಿಬಿಟ್ಟಿದ್ದ. ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ ತಪ್ಪಿದರೆ ಕಂಗಾಲಾಗುವ ಜನ ಇವರು. ಮ್ಯಾಗಿ ಬೇಯುವಷ್ಟರಲ್ಲಿ ಎಲ್ಲರೂ ಅಲಾಸ್ಕಾದಿಂದ ಸುರಕ್ಷಿತವಾಗಿ ವಾಪಸ್ ಬಂದಿದ್ದರು.

ಆಮೇಲೆ ಯೋಚಿಸಿದಾಗ ಹೊಳೆದಿದ್ದು ಇದು. ಸಿನಿಮಾ ಆ ಬಾಗಿಲುಗಳನ್ನೆಲ್ಲ ಮುಚ್ಚಿಕೊಂಡೇ ಹೋಗುತ್ತದೆ. ಕಾವಲು ಕಾದವನೂ ಸತ್ತ, ಸುಮ್ಮನೆ ಮಲಗಿದವನೂ ಸತ್ತ. ನಡೆದವನೂ ಸತ್ತ, ಕೂತವನೂ ಸತ್ತ. ಒಳ್ಳೆಯವನು, ಪುಂಡ, ದೇವರನ್ನು ನಂಬಿದವನು, ನಂಬದವನು, ಯಾರಿಗೂ ರಿಯಾಯಿತಿ ಇಲ್ಲ. ನದಿಯಲ್ಲಿ ಸತ್ತವನಂತೂ ಏನೂ ತಪ್ಪು ಮಾಡಿದವನಲ್ಲ, ತೋಳದ ಬಾಯಿಗೆ ಬಿದ್ದವನೂ ಅಲ್ಲ. ನಮ್ಮ ಚಾಪೆಯ ಮೇಲೆ ಹೆಚ್ಚು ಗೊಣಗಾಟ ಕೇಳಿದ್ದು ಆ ಸಾವಿಗೇ. "ಇದು ತೀರಾ ಜಾಸ್ತಿ ಆಯ್ತು" ಅಂದರು. ಯಾಕೆಂದರೆ ಆ ಸಾವಿಗೆ ತಪ್ಪು ಹುಡುಕಲು ಜಾಗವೇ ಇಲ್ಲ. ಮರೆತ ಹೆಲ್ಮೆಟ್ ಇಲ್ಲ, ಕುಡಿದ ಡ್ರೈವರ್ ಇಲ್ಲ.

ತೋಳದ ವಕೀಲರು

ತಕರಾರು ತೆಗೆದವರಲ್ಲಿ ಇನ್ನೊಂದು ಗುಂಪು ವನ್ಯಜೀವಿ ಪ್ರಿಯರದು. ಅವರ ಮಾತಿನಲ್ಲಿ ತಿರುಳಿದೆ. 2011ರ ಏಪ್ರಿಲ್‌ನಲ್ಲಷ್ಟೇ ಅಮೆರಿಕದ ಸಂಸತ್ತು ಮೊಂಟಾನಾ ಮತ್ತು ಐಡಹೊ ರಾಜ್ಯಗಳ ತೋಳಗಳನ್ನು ಅಳಿವಿನಂಚಿನ ಪಟ್ಟಿಯಿಂದ ತೆಗೆದುಹಾಕಿತ್ತು. ಬೇಟೆ ಮತ್ತೆ ಶುರುವಾಗಿದ್ದ ಹೊತ್ತಿನಲ್ಲಿ ತೋಳಗಳನ್ನು ರಾಕ್ಷಸರ ಹಾಗೆ ತೋರಿಸುವ ಸಿನಿಮಾ ಬಂತು. ಸಾಲದ್ದಕ್ಕೆ, ಬೇಟೆಗಾರನಿಂದ ಕೊಂಡ ತೋಳದ ಹೆಣಗಳನ್ನು ಚಿತ್ರೀಕರಣಕ್ಕೆ ಬಳಸಿದ, ಚಿತ್ರತಂಡ ತೋಳದ ಮಾಂಸ ತಿಂದ ಸುದ್ದಿಯೂ ಬಂತು. ಪೇಟಾ, ವೈಲ್ಡ್‌ಅರ್ಥ್ ಗಾರ್ಡಿಯನ್ಸ್ ಥರದ ಸಂಘಟನೆಗಳು ಸಿನಿಮಾ ನೋಡಬೇಡಿ ಅಂದವು.

ಸಿನಿಮಾದ ತೋಳಗಳು ತಮ್ಮ ಗವಿ ಕಾಯಲು ಮನುಷ್ಯರ ಮೇಲೆ ಬೀಳುತ್ತವೆ, ಗುಂಪಿಗೊಂದು ನಾಯಕ ತೋಳ, 'ಆಲ್ಫಾ', ಇರುತ್ತದೆ. ಅವರು ಹೇಳಿದ ತಪ್ಪುಗಳು ನಿಜ. ತೋಳಗಳು ಗವಿ ಹುಡುಕುವುದು ಮರಿ ಹಾಕುವ ಕಾಲದಲ್ಲಿ ಮಾತ್ರ. ಚಳಿಗಾಲದ ನಡುವೆ ಗವಿ ಕಾಯುವ ಕೆಲಸ ಅವಕ್ಕಿಲ್ಲ. ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳ ಕುಟುಂಬ. ಹೊಡೆದಾಡಿ ನಾಯಕನಾಗುವ 'ಆಲ್ಫಾ'ದ ಕಲ್ಪನೆಯನ್ನು ಜನಪ್ರಿಯ ಮಾಡಿದ ವಿಜ್ಞಾನಿ ಡೇವಿಡ್ ಮೆಕ್ ಅವರೇ 1999ರ ಲೇಖನದಲ್ಲಿ, ಕಾಡಿನ ತೋಳಗಳಿಗೆ ಅದು ಹೊಂದುವುದಿಲ್ಲ ಅಂತ ಬರೆದರು. ಮನುಷ್ಯರನ್ನು ತೋಳ ಕೊಂದಿದ್ದು ಉತ್ತರ ಅಮೆರಿಕದಲ್ಲಿ ತೀರಾ ಅಪರೂಪ. ಹಾಗಂತ ಇಲ್ಲವೇ ಇಲ್ಲ ಅಂತಲೂ ಅಲ್ಲ. 2010ರಲ್ಲಿ ಅಲಾಸ್ಕಾದ ಚಿಗ್ನಿಕ್ ಲೇಕ್ ಊರಿನಲ್ಲಿ ಓಡಲು ಹೋದ ಶಿಕ್ಷಕಿಯೊಬ್ಬರನ್ನು ತೋಳಗಳು ಕೊಂದವು. 2024ರಲ್ಲಿ ನಮ್ಮದೇ ಉತ್ತರ ಪ್ರದೇಶದ ಬಹರಾಯಿಚ್‌ನಲ್ಲಿ ಮಕ್ಕಳು ಸತ್ತಾಗ, ತೋಳ ಮನುಷ್ಯರ ತಂಟೆಗೆ ಬರಲ್ಲ ಅನ್ನುವ ಮಾತು ಆ ಹಳ್ಳಿಗಳಲ್ಲಿ ಯಾರ ಕಿವಿಗೂ ಹೋಗುತ್ತಿರಲಿಲ್ಲ.

ಆದರೆ ನನಗೊಂದು ಅನುಮಾನ. ಸಿನಿಮಾ ನೋಡಿ ಬಂದು "ತೋಳ ಹಾಗೆಲ್ಲ ಮಾಡಲ್ಲ" ಅನ್ನುವವರಲ್ಲಿ ಎಷ್ಟೋ ಜನ ಅಲ್ಲಿಯತನಕ ತೋಳದ ಬಗ್ಗೆ ಒಂದು ಸಾಲೂ ಓದಿದವರಲ್ಲ. ಮನೆಗೆ ಬಂದು ಓದಿದವರು. ತೋಳ ಹಾಗೆ ಮಾಡುವುದಿಲ್ಲ ಅಂತ ಖಾತ್ರಿಯಾದರೆ ಆ ಸಾವುಗಳೂ ಸುಳ್ಳಾಗುತ್ತವೆ. ನಿದ್ದೆ ಬರುತ್ತದೆ. ತೋಳ ಬಿದ್ದರೆ ಆಳಿಗೊಂದು ಕಲ್ಲು ಅನ್ನುತ್ತೇವಲ್ಲ, ಇಲ್ಲಿ ಬಿದ್ದವರು ಮನುಷ್ಯರು. ಕಲ್ಲು ಮಾತ್ರ ಆಳಿಗೊಂದರಂತೆ ಬಿತ್ತು.

ತೋಳ ಕಂಡವರ ಹತ್ತಿರವೇ ಕೇಳೋಣ ಅಂದರೆ ನಮ್ಮ ಕಡೆ ಅಂಥವರಿಗೆ ಕೊರತೆಯಿಲ್ಲ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ವನ್ಯಧಾಮ ಇದೆ. ಸುತ್ತಲಿನ ಕುರಿಗಾರರಿಗೆ ತೋಳ ಅಂದರೆ ದಿನನಿತ್ಯದ ಲೆಕ್ಕ. ಅಪ್ಪನ ಪರಿಚಯದ ಕುರಿ ಕಾಯುವ ಅಜ್ಜ ಒಬ್ಬರು ಒಮ್ಮೆ ಮನೆಗೆ ಬಂದಾಗ ಟಿವಿಯಲ್ಲಿ ಇದೇ ಸಿನಿಮಾ ಬರುತ್ತಿತ್ತು. ಭಾಷೆ ಗೊತ್ತಿಲ್ಲ, ಆದರೂ ಗೋಡೆಗೆ ಒರಗಿ ನೋಡಿದರು. ರಾತ್ರಿ ಕತ್ತಲಲ್ಲಿ ತೋಳಗಳ ಕಣ್ಣು ಸಾಲಾಗಿ ಹೊಳೆಯುವ ದೃಶ್ಯ ಬಂದಾಗ ನಕ್ಕರು. "ತೋಳ ಹಿಂಗ ಎದುರಿಗೆ ಬಂದು ನಿಂದ್ರೂದಿಲ್ಲೋ ತಮ್ಮಾ. ಅದು ಬಂದಿತ್ತು ಅನ್ನೂದು ಕುರಿ ಎಣಿಸಿದ ಮ್ಯಾಲ ಗೊತ್ತಾಕ್ಕತಿ." ಅಷ್ಟೇ. ಸಿನಿಮಾ ಸುಳ್ಳು ಅಂತ ಎದ್ದು ಹೋಗಲಿಲ್ಲ. ಮುಂದೆ ಡಿಯಾಜ್ ಅನ್ನುವವನು ನದಿ ದಂಡೆಯಲ್ಲಿ ಕೂತು ನಾನಿನ್ನು ಬರುವುದಿಲ್ಲ ಅನ್ನುವ ದೃಶ್ಯ ಬಂತು. ಬೆಂಗಳೂರಿನ ಚಾಪೆಯ ಮೇಲೆ ಇದೇ ದೃಶ್ಯಕ್ಕೆ "ಏಳೋ, ಹೇಡಿ" ಅಂತ ಕೂಗಿದ್ದರು. ಅಜ್ಜ ಒಂದು ಕ್ಷಣ ನೋಡಿ, "ದಣದಾನ, ಕುಂತಾನ" ಅಂದರು. ನಾನು ಕಂಡ ಪ್ರೇಕ್ಷಕರಲ್ಲಿ ಆ ಸಾವಿನ ಜೊತೆ ಜಗಳ ತೆಗೆಯದವರು ಅವರೊಬ್ಬರೇ. ಎಲೆ ಅಡಿಕೆ ಹಾಕಿಕೊಂಡು ಮಲಗಲು ಹೋದರು, ಕೊನೆ ನೋಡಲಿಲ್ಲ.

ಉಪ್ಪಿನಕಾಯಿ

ಈ ತಪ್ಪು ಹುಡುಕಾಟವನ್ನು ನಾನು ಸಿನಿಮಾದ ಆಚೆ ಚೆನ್ನಾಗಿ ನೋಡಿದ್ದು ಕಾಕಾ ಹೋದಾಗ. ರಾತ್ರಿ ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ವಯಸ್ಸಾಗಿರಲಿಲ್ಲ, ಕಾಯಿಲೆ ಇರಲಿಲ್ಲ. ಅಂಗಳದಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ. ಬಂದವರೆಲ್ಲ ಚಿಗವ್ವನ ಹತ್ತಿರ ಕೂತು ಸ್ವಲ್ಪ ಅತ್ತು, ಆಮೇಲೆ ಕೇಳುತ್ತಿದ್ದರು. "ಬಿಪಿ ಇತ್ತೇನು? ಗುಳಿಗಿ ತಗೋತಿದ್ರೇನು? ರಾತ್ರಿ ಏನ್ ಉಂಡಿದ್ರು? ಎದಿ ನೋವು ಅಂತ ಏನರ ಅಂದಿದ್ರೇನು?" ಕೇಳಿದವರು ಕೆಟ್ಟವರಲ್ಲ. ಅವರಲ್ಲಿ ಹೆಚ್ಚಿನವರು ಕಾಕಾನ ವಯಸ್ಸಿನವರೇ. ಇಲ್ಲ, ಇಲ್ಲ, ಇಲ್ಲ ಅಂತ ಚಿಗವ್ವ ಹೇಳಿದಷ್ಟೂ ಅವರ ಮುಖ ಸಣ್ಣದಾಗುತ್ತಿತ್ತು. ಬಿಪಿಯೂ ಇರಲಿಲ್ಲ, ನೋವೂ ಇರಲಿಲ್ಲ ಅಂದರೆ ಏನರ್ಥ? ಇವತ್ತು ರಾತ್ರಿ ತಮಗೂ ಹಾಗೇ ಆಗಬಹುದು ಅಂತ ಅರ್ಥ.

ಮಧ್ಯಾಹ್ನದ ಹೊತ್ತಿಗೆ ಚಿಗವ್ವನ ಉತ್ತರ ಬದಲಾಗಿತ್ತು. "ನಿನ್ನೆ ಉಪ್ಪಿನಕಾಯಿ ಸ್ವಲ್ಪ ಜಾಸ್ತಿನ ಹಾಕ್ಕೊಂಡಿದ್ರು" ಅನ್ನತೊಡಗಿದ್ದಳು. ಕೇಳಿದವರು ತಲೆಯಾಡಿಸುತ್ತಿದ್ದರು. "ಹೂಂ, ಉಪ್ಪು ಕೆಟ್ಟದ್ದು ನೋಡವಾ" ಅಂದು, ಸ್ವಲ್ಪ ಹಗುರಾಗಿ ಎದ್ದು ಚಹಾದ ಕಡೆ ಹೋಗುತ್ತಿದ್ದರು. ಎಷ್ಟೋ ತಿಂಗಳ ಮೇಲೆ ಚಿಗವ್ವನೇ ಹೇಳಿದಳು. ಉಪ್ಪಿನಕಾಯಿ ದಿನಾಲೂ ಅಷ್ಟೇ ಹಾಕಿಕೊಳ್ಳುತ್ತಿದ್ದರಂತೆ. ಏನಾದರೂ ಒಂದು ಕಾರಣ ಕೊಡದೆ ಅವರು ಏಳುವ ಹಾಗೆ ಕಾಣಲಿಲ್ಲವಂತೆ.

ನಿರ್ದೇಶಕ ಜೋ ಕಾರ್ನಹನ್ ತಮ್ಮ ಪ್ರೇಕ್ಷಕರಿಗೆ ಆ ಉಪ್ಪಿನಕಾಯಿ ಕೊಡಲಿಲ್ಲ. ನನ್ನ ಪ್ರಕಾರ ಅಸಲಿ ಜಗಳ ಇದು. ದುಃಖ ಜನಕ್ಕೆ ಬೇಡವಾಗಿಲ್ಲ. ಕಣ್ಣೀರಿನ ಸಿನಿಮಾಗಳು ನಮ್ಮಲ್ಲೂ ವಾರಗಟ್ಟಲೆ ಓಡಿವೆ. ಆದರೆ ಅಲ್ಲಿ ಸತ್ತವನು ಯಾರನ್ನೋ ಉಳಿಸಿ ಸಾಯುತ್ತಾನೆ, ಅಥವಾ ಕೊಂದವನಿಗೆ ಶಿಕ್ಷೆಯಾಗುತ್ತದೆ. ಲೆಕ್ಕ ಸರಿಹೋಗುತ್ತದೆ. ಇಲ್ಲಿ ಲೆಕ್ಕವೇ ಇಲ್ಲ.

ಇದ್ದರೆ ಮೇಲಿನವನು ಕೊಡಬೇಕು. ಎಲ್ಲರೂ ಹೋದ ಮೇಲೆ ಆಟ್‌ವೇ ಒದ್ದೆ ಬಟ್ಟೆಯಲ್ಲಿ ಬಿದ್ದುಕೊಂಡು ಆಕಾಶಕ್ಕೆ ಕೂಗುತ್ತಾನೆ. ಏನಾದರೂ ತೋರಿಸು, ಈಗ ಬೇಕು, ಆಮೇಲೆ ಅಲ್ಲ ಅನ್ನುತ್ತಾನೆ, ಬೈಯುತ್ತಾನೆ. ಕ್ಯಾಮೆರಾ ಮೇಲೆ ನೋಡುತ್ತದೆ. ಮೋಡ ಮಾತ್ರ. ಸರಿ, ನಾನೇ ಮಾಡಿಕೊಳ್ತೀನಿ ಅಂತ ಏಳುತ್ತಾನೆ. ಈ ದೃಶ್ಯವನ್ನು ನಾಸ್ತಿಕರೂ ತಮ್ಮದು ಅಂದರು, ಆಸ್ತಿಕರೂ ತಮ್ಮದು ಅಂದರು. ದೇವರನ್ನು ಬೈಯುವುದು ನಮಗೆ ಹೊಸದೇನಲ್ಲ, ನಮ್ಮ ದಾಸರು ನಿಂದಾಸ್ತುತಿ ಹಾಡಿದವರು. ಆದರೆ ಅಲ್ಲಿ ಬೈಗುಳದ ಆ ತುದಿಯಲ್ಲಿ ಕೇಳಿಸಿಕೊಳ್ಳುವವನೊಬ್ಬ ಗ್ಯಾರಂಟಿ ಇದ್ದಾನೆ. ಆಟ್‌ವೇಗೆ ಆ ಗ್ಯಾರಂಟಿ ಇಲ್ಲ. ನೀಸನ್ ಅವರ ಹೆಂಡತಿ ನತಾಶಾ ರಿಚರ್ಡ್‌ಸನ್ 2009ರಲ್ಲಿ ಕೆನಡಾದಲ್ಲಿ ಸ್ಕೀಯಿಂಗ್ ಕಲಿಯುವಾಗ ಬಿದ್ದು ತೀರಿಕೊಂಡಿದ್ದರು. ಸಿನಿಮಾದಲ್ಲಿ ಆಟ್‌ವೇಯ ಹೆಂಡತಿಯೂ ಇಲ್ಲ. ಈ ಎರಡನ್ನೂ ಜೋಡಿಸಿ ನೋಡುವವರು ಬಹಳ. ನನಗೆ ಅದೂ ಕಾರಣ ಹುಡುಕುವ ಇನ್ನೊಂದು ದಾರಿ ಅನಿಸುತ್ತದೆ. ಕೂಗು ಅಷ್ಟು ನಿಜ ಅನಿಸಿದ್ದಕ್ಕೆ ನಟನ ಮನೆಯ ಸಾವನ್ನು ತಂದು ಸಾಕ್ಷಿ ನಿಲ್ಲಿಸುವುದು.

ಇಷ್ಟು ಗಟ್ಟಿಯಾಗಿ ನಿಂತ ಸಿನಿಮಾ ಕೊನೆಯಲ್ಲಿ ಒಂದು ಜಾಗದಲ್ಲಿ ಸೋಲುತ್ತದೆ. ಹೆಸರುಗಳೆಲ್ಲ ಹೋದ ಮೇಲೆ ಕೆಲವೇ ಸೆಕೆಂಡಿನ ಒಂದು ಶಾಟ್ ಇದೆ. ನೆಲಕ್ಕೆ ಬಿದ್ದ ತೋಳ, ಏರಿಳಿಯುವ ಅದರ ಪಕ್ಕೆ, ಅದರ ಮೇಲೆ ಒರಗಿದ ಮನುಷ್ಯನ ತಲೆಯ ಹಿಂಭಾಗ. ಗೆದ್ದದ್ದು ಯಾರು? ಜನ ಇದನ್ನು ನಿಲ್ಲಿಸಿ, ಹಿಂದೆ ಮುಂದೆ ಮಾಡಿ ಜಗಳವಾಡುತ್ತಾರೆ. ಅವನು ಒರಗಿದ್ದಾನೆ, ಅಂದರೆ ಬದುಕಿದ್ದಾನೆ. ತೋಳ ಉಸಿರಾಡುತ್ತಿದೆ, ಅಂದರೆ ಅವನು ಸತ್ತಿದ್ದಾನೆ. ಇಬ್ಬರೂ ಸಾಯುತ್ತಿದ್ದಾರೆ. ಕತ್ತರಿ ನನ್ನ ಕೈಗೆ ಸಿಕ್ಕಿದ್ದರೆ ಆ ಶಾಟ್ ಇರುತ್ತಿರಲಿಲ್ಲ. ಪೂರ್ತಿ ಹೊತ್ತು ಏನೂ ಕೊಡದೆ, ಎದ್ದು ಹೋಗುವವರನ್ನು ಬಾಗಿಲಲ್ಲಿ ಕರೆದು ಎಲೆಯ ತುದಿಗೆ ಒಂದು ಚೂರು ಉಪ್ಪಿನಕಾಯಿ ಬಡಿಸುವುದು ಯಾಕೆ?

ಹೀಗಂತ ಆ ಪಾಸ್ ಒತ್ತಿದ ಗೆಳೆಯನಿಗೆ ಹೇಳಿದೆ. ಅವನಿಗೆ ಆ ಶಾಟ್ ಇರುವುದೇ ಗೊತ್ತಿರಲಿಲ್ಲ. ಫೋನಿನಲ್ಲಿ ಹುಡುಕಿ, ದೊಡ್ಡದು ಮಾಡಿ ನೋಡಿದ. "ನೋಡು, ತೋಳ ಸತ್ತಿದೆ. ಇವನು ಗೆದ್ದ" ಅಂದ. ಉಸಿರಾಡ್ತಿದೆ ಕಣೋ, ಪಕ್ಕೆ ನೋಡು ಅಂದೆ. ಅದು ಗಾಳಿಗೆ ಕೂದಲು ಅಲ್ಲಾಡ್ತಿರೋದು ಅಂದ.